ತುರಿಸುವ ನಾರು, ತುರಿಸದ ನಾರು

ಮಿರಗದ ಮಳೆ ಹಿಡಿಯುವ ಮುಂಚೆ ಮನೆಯ ಮಾಡು ಸರಿಮಾಡಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಹಂಚು ಇಳಿದು ಸಿಮೆಂಟಿನ ಪತ್ರಾಸು ಏರಿ ಬಹಳ ವರ್ಷಗಳಾದವು. ಬಡವನ ಮನೆ, ಸಂತೆಯ ಅಂಗಡಿ, ಅಕ್ಕಿ ಗಿರಣಿ, ಹತ್ತಿ ಜಿನ್ನು, ಗೋವಿನಜೋಳದ ಗೋದಾಮು, ದನದ ಕೊಟ್ಟಿಗೆ ಎಲ್ಲೆಡೆಯೂ ಅದೇ ಕಾಣುತ್ತದೆ. ಬೆಳಕಿಗೆಂದು ನಡುವೆ ಒಂದೆರಡು ಫೈಬರ್ ಶೀಟು. ಇವುಗಳನ್ನು ಕೊಯ್ಯುವಾಗ, ತೂತು ಹಾಕುವಾಗ, ಒಡೆದು ಕೆಳಗಿಳಿಸುವಾಗ ಏಳುವ ಧೂಳಿನ ಬಗ್ಗೆ ಈ ವಾರ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ನಮ್ಮ ಜನರಲ್ಲಿ ಒಂದು ನಂಬಿಕೆ ಇದೆ. ಫೈಬರ್ ಮುಟ್ಟಿದರೆ ಮೈ ಕಡಿಯುತ್ತದೆ, ಆದುದರಿಂದ ಅದು ಕೆಟ್ಟದ್ದು. ಸಿಮೆಂಟಿನ ಪತ್ರಾಸು ಕೊಯ್ದರೆ ಮೈಮೇಲೆ ಬರೀ ಬಿಳಿ ಪುಡಿ ಬೀಳುತ್ತದೆ, ಕೊಡವಿಕೊಂಡರೆ ಹೋಯಿತು. ವಿಷಯ ಬಹುಮಟ್ಟಿಗೆ ಇದರ ತಿರುವುಮುರುವಾಗಿದೆ. ತುರಿಸುವ ನಾರು ತನ್ನ ಗುರುತು ತಾನೇ ಹೇಳುತ್ತದೆ. ತುರಿಸದ ನಾರು ಏನನ್ನೂ ಹೇಳದೆ ಎದೆಯೊಳಗೆ ಮನೆ ಮಾಡುತ್ತದೆ.

ಫೈಬರ್ ಎಂದರೆ ಗಾಜಿನ ನಾರು. ಗಾಜನ್ನು ಕರಗಿಸಿ ಎಳೆ ತೆಗೆದು, ರಾಳದ ಅಂಟಿನಲ್ಲಿ ಕೂಡಿಸಿ ಶೀಟು, ಬಾಗಿಲು, ವಾಹನಗಳ ಬಾಡಿ ಮಾಡುತ್ತಾರೆ. ಉಣ್ಣೆಯಂತೆ ಹಿಂಜಿದ ಗಾಜನ್ನು ಬಾಯ್ಲರಿಗೆ, ಹಬೆಯ ಕೊಳವೆಗೆ ಸುತ್ತುತ್ತಾರೆ. ಇದರ ದಪ್ಪ ಎಳೆಗಳು ಸಣ್ಣ ಮುಳ್ಳಿನಂತೆ ಚರ್ಮಕ್ಕೆ ಚುಚ್ಚುತ್ತವೆ. ಮೈ ತುರಿಸುತ್ತದೆ, ಕಣ್ಣು ಕೆಂಪಾಗುತ್ತದೆ, ಗಂಟಲು ಕೆರೆಯುತ್ತದೆ. ಆದರೆ ದಪ್ಪ ಎಳೆ ಮೂಗು ಗಂಟಲಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರ ಮೂರು ಪಾಲಿಗಿಂತ ತೆಳುವಾದ ಎಳೆಯೇ ಶ್ವಾಸಕೋಶದ ಆಳಕ್ಕೆ ಇಳಿಯುವಂಥದು. ಗಾಜಿನ ನಾರು ಅಡ್ಡಕ್ಕೆ ಮುರಿಯುತ್ತದೆ. ಮುರಿದಷ್ಟೂ ಗಿಡ್ಡವಾಗುತ್ತದೆಯೇ ಹೊರತು ತೆಳುವಾಗುವುದಿಲ್ಲ. ಗಾಜಿನ ಉಣ್ಣೆಯ ತೆಳು ಎಳೆ ಒಳಗೆ ಹೋದರೂ ಕ್ರಮೇಣ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 1988ರಲ್ಲಿ ಗಾಜಿನ ಉಣ್ಣೆಯನ್ನು ಸಂಶಯದ ಪಟ್ಟಿಗೆ ಸೇರಿಸಿತ್ತು. 2001ರಲ್ಲಿ ಮರುಪರಿಶೀಲನೆ ಮಾಡಿ, ಶಾಖ ತಡೆಯಲು ಬಳಸುವ ಸಾಮಾನ್ಯ ಉಣ್ಣೆಯನ್ನು ಆ ಪಟ್ಟಿಯಿಂದ ತೆಗೆಯಿತು. ವಿಶೇಷ ಕೆಲಸಗಳಿಗೆ ಮಾಡುವ ಅತಿ ಸೂಕ್ಷ್ಮ ಗಾಜಿನ ನಾರು ಅಲ್ಲಿಯೇ ಉಳಿಯಿತು.

ಹಾಗೆಂದು ಫೈಬರ್ ಕೆಲಸ ನಿರಪಾಯವೆಂದು ಯಾರೂ ತಿಳಿಯಬಾರದು. ಅದನ್ನು ಯಂತ್ರದಿಂದ ಉಜ್ಜಿದಾಗ ಏಳುವ ಪುಡಿ ಉಸಿರಾಟಕ್ಕೆ ಕೆಟ್ಟದ್ದು. ಅಂಟಿನ ರಾಳದಿಂದ ಮೂಗಿಗೆ ಬಡಿಯುವ ಸ್ಟೈರೀನ್ ಎಂಬ ಆವಿ ಬಹುಶಃ ಕ್ಯಾನ್ಸರ್ ತರಬಲ್ಲದೆಂದು ಅದೇ ವಿಭಾಗ 2018ರಲ್ಲಿ ನಿರ್ಣಯಿಸಿದೆ. ಕಿಟಕಿ ಇಲ್ಲದ ಖೋಲಿಯಲ್ಲಿ ಈ ಕೆಲಸ ಮಾಡಿಸುವುದು ಅನ್ಯಾಯ.

ಇನ್ನು ಸಿಮೆಂಟಿನ ಪತ್ರಾಸು. ಅದರಲ್ಲಿ ನೂರಕ್ಕೆ ಎಂಟು ಹತ್ತು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಕಲ್ನಾರು ಗಾಜಿನಂತೆ ಅಡ್ಡಕ್ಕೆ ಮುರಿಯುವುದಿಲ್ಲ, ಉದ್ದಕ್ಕೆ ಸೀಳುತ್ತದೆ. ಒಂದು ಎಳೆ ಹತ್ತಾಗುತ್ತದೆ, ಹತ್ತು ನೂರಾಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗುತ್ತದೆ. ಚರ್ಮಕ್ಕೆ ಚುಚ್ಚುವಷ್ಟು ದಪ್ಪವಿಲ್ಲದ್ದರಿಂದ ತುರಿಕೆಯೂ ಇಲ್ಲ. ಅದರಿಂದ ಬರುವ ಶ್ವಾಸಕೋಶದ ಗಟ್ಟಿತನ, ಶ್ವಾಸಕೋಶದ ಕ್ಯಾನ್ಸರ್, ಎದೆಪೊರೆಯ ಕ್ಯಾನ್ಸರ್ ಇವು ಇಪ್ಪತ್ತು, ಮೂವತ್ತು, ನಾಲ್ವತ್ತು ವರ್ಷ ಕಳೆದ ಮೇಲೆ ತಲೆ ಎತ್ತುತ್ತವೆ. ಬೀಡಿ ಸೇದುವವನಿಗೆ ಶ್ವಾಸಕೋಶದ ಕ್ಯಾನ್ಸರಿನ ಭಯ ಹಲವು ಪಟ್ಟು ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಈ ಧೂಳು ದುಡಿಯುವವನ ಸಂಗಡ ಮನೆಗೂ ಬರುತ್ತದೆ. 1965ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು, ನ್ಯೂಹೌಸ್ ಮತ್ತು ಥಾಂಪ್ಸನ್, ಎದೆಪೊರೆಯ ಕ್ಯಾನ್ಸರಿನಿಂದ ಸತ್ತವರ ಪೂರ್ವವೃತ್ತಾಂತ ಶೋಧಿಸಿದರು. ಕಾರಖಾನೆಯ ಒಳಗೆ ಎಂದೂ ಕಾಲಿಡದ ಹೆಂಗಸರೂ ಅವರಲ್ಲಿದ್ದರು. ಅವರು ಮಾಡಿದ್ದು ಗಂಡಂದಿರ ಕೆಲಸದ ಬಟ್ಟೆ ಒಗೆದದ್ದು ಮಾತ್ರ.

ಗಿರಣಿಯ ಕಾಮಗಾರರಿಗೆ ಹಳೆಯ ಪರಿಚಯದ ನಾರು ಇನ್ನೊಂದಿದೆ. ಅದು ಹತ್ತಿ. ಹತ್ತಿಯ ಧೂಳಿನಲ್ಲಿ ಬಹುಕಾಲ ದುಡಿದವನಿಗೆ ವಾರದ ರಜೆ ಮುಗಿಸಿ ಬಂದ ದಿನ ಎದೆ ಬಿಗಿಯುತ್ತದೆ, ದಮ್ಮು ಹತ್ತುತ್ತದೆ. ಮಾರನೆಯ ದಿನದಿಂದ ಇಳಿಯುತ್ತದೆ. “ರೂಢಿಯಾಯಿತು” ಎಂದು ಅವನು ಅಂದುಕೊಳ್ಳುತ್ತಾನೆ. ವರ್ಷಗಳು ಕಳೆದಂತೆ ಬಿಗಿತ ವಾರವೆಲ್ಲ ಉಳಿಯುತ್ತದೆ, ಕಡೆಗೆ ಕೆಲಸ ಬಿಟ್ಟರೂ ಬಿಡುವುದಿಲ್ಲ. ಬಿಸಿನೋಸಿಸ್ ಎಂಬ ಈ ರೋಗ ನಮ್ಮ ಕಾಯದೆಯ ಪಟ್ಟಿಯಲ್ಲಿಯೇ ಇದೆ. ಆದರೂ ಅದನ್ನು ಆಸ್ತಮಾ ಎಂದೋ ಬೀಡಿಯ ಕೆಮ್ಮು ಎಂದೋ ಬರೆದು ಕಳಿಸುವುದು ಬಹಳ ಸುಲಭ.

ಈ ಸಂಗತಿಗಳಿಂದ ತಿಳಿಯಬೇಕಾದದ್ದು ಒಂದೇ. ಧೂಳಿನ ಅಪಾಯ ಅಳೆಯಲು ಕಾಮಗಾರನ ಮೈ ಸರಿಯಾದ ಅಳತೆಗೋಲಲ್ಲ. ಅದು ಒಮ್ಮೆ ಸುಮ್ಮನಿರುತ್ತದೆ, ಒಮ್ಮೆ ರೂಢಿಯಾಯಿತೆಂದು ಸುಳ್ಳು ಹೇಳುತ್ತದೆ. “ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ನಡೆದಿದೆ, ಯಾರಿಗೂ ಏನೂ ಆಗಿಲ್ಲ” ಎಂದು ಮಾಲಿಕನು ಹೇಳಿದರೆ ಅದು ಪುರಾವೆಯಾಗಲಾರದು. ಪುರಾವೆ ಬೇಕಾದರೆ ದಾಖಲೆ ಬೇಕು. 1964ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಇರ್ವಿಂಗ್ ಸೆಲಿಕಾಫ್ ಕಲ್ನಾರಿನ ಘಾತಕತನವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಕಂಪನಿಯ ಪುಸ್ತಕಗಳಿಂದಲ್ಲ, ಕಾಮಗಾರ ಸಂಘದ ಸದಸ್ಯರ ಯಾದಿಯಿಂದ. ಆ ಯಾದಿಯ 632 ಹೆಸರುಗಳ ಬೆನ್ನು ಹತ್ತಿ, ಯಾರು ಯಾವಾಗ ಯಾವ ರೋಗದಿಂದ ಸತ್ತರೆಂದು ಅವರು ಲೆಕ್ಕ ಹಾಕಿದರು.

ನಮ್ಮ ಸರ್ವೋಚ್ಚ ನ್ಯಾಯಾಲಯವೂ 1995ರ ಜನವರಿ 27ರಂದು ಇದೇ ಮಾತನ್ನು ಹೇಳಿತು. ಕಾಮಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಕಲ್ನಾರಿನ ಉದ್ಯಮದಲ್ಲಿ ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞಾಪಿಸಿತು. ರೋಗ ಸಾಬೀತಾದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ವಿಧಿಸಿತು. ತೀರ್ಪು ದೊಡ್ಡದು. ಆದರೆ ಇಂದು ಹಾನಗಲ್ಲಿನಲ್ಲಿ, ನಾಳೆ ಅಕ್ಕಿಆಲೂರಿನಲ್ಲಿ, ನಾಡಿದ್ದು ಬಂಕಾಪುರದಲ್ಲಿ ಪತ್ರಾಸು ಹೊದಿಸುವ ಗೌಂಡಿಯ ದಾಖಲೆಯನ್ನು ಯಾವ ಮಾಲಿಕ 40 ವರ್ಷ ಇಡುತ್ತಾನೆ? ಅವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ?

ಕಾಯದೆಯೂ ಅವನಿಂದ ದೂರ ಸರಿದಿದೆ. 1948ರ ಕಾರಖಾನೆ ಕಾಯದೆಯಲ್ಲಿ ವಿದ್ಯುತ್ತು ಬಳಸುವಲ್ಲಿ ಹತ್ತು ಜನ ಇದ್ದರೆ ಅದು ಕಾರಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಹತ್ತು ಇಪ್ಪತ್ತಾಯಿತು. ನಮ್ಮ ತಾಲೂಕುಗಳ ಸಣ್ಣ ಗಿರಣಿ, ಸಣ್ಣ ವರ್ಕ್‌ಶಾಪುಗಳಲ್ಲಿ ಇಪ್ಪತ್ತು ಆಳು ಎಲ್ಲಿಂದ ಬರಬೇಕು? ಧೂಳು ಮಾತ್ರ ಆಳೆಣಿಸಿ ಒಳಗೆ ಹೋಗುವುದಿಲ್ಲ. ಜೀವಕ್ಕೆ ಅಪಾಯವುಳ್ಳ ಕೆಲಸವೆಂದು ಕೇಂದ್ರ ಸರಕಾರ ಪ್ರಕಟಿಸಿದರೆ ಆಳಿನ ಲೆಕ್ಕ ಅಡ್ಡಬರುವುದಿಲ್ಲ ಎಂಬ ಮಾತೂ ಅದೇ ಸಂಹಿತೆಯಲ್ಲಿದೆ. ಆ ಬಾಗಿಲನ್ನು ಬಡಿಯುವುದು ನಮ್ಮ ಕೆಲಸ.

ಸರಕಾರದ ನೀತಿಯಾದರೂ ಎಂಥದು! ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು 1986ರಲ್ಲಿ, ಹಳೆಯದನ್ನು ನವೀಕರಿಸುವುದನ್ನು 1993ರಲ್ಲಿ ನಿಲ್ಲಿಸಲಾಯಿತು. ನೆಲದಿಂದ ಅಗೆಯಬಾರದ ವಸ್ತುವನ್ನು ಹಡಗಿನಲ್ಲಿ ತರಿಸಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಯುರೋಪಿನ ಒಕ್ಕೂಟ 2005ರಲ್ಲಿಯೇ ಬಳಕೆ ನಿಷೇಧಿಸಿತು. ಬ್ರೆಜಿಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತನ್ನ ದೇಶಕ್ಕೆ ಇದು ಬೇಡವೆಂದಿತು. ಅದರ ಮೇಲೂ ಅಲ್ಲಿಯ ಕಲ್ನಾರು ನಮ್ಮ ಬಂದರಿಗೆ ಬಂದಿತು. ಸಿಮೆಂಟಿನಲ್ಲಿ ಬಿಗಿದ ನಾರು ಹೊರಬರದೆಂದು ತಯಾರಕರು ವಾದಿಸುತ್ತಾರೆ. ಗರಗಸ ಇಡುವವರೆಗೆ ಅದು ನಿಜವಿರಬಹುದು. ಗರಗಸ ಹಿಡಿಯುವವನು ತಯಾರಕನಲ್ಲ.

ಈ ಲೇಖನ ಓದಿ ಯಾರೂ ಗಾಬರಿಯಿಂದ ಮಾಡು ಕೀಳಬೇಕಾಗಿಲ್ಲ. ಒಡೆಯದೆ, ಸವೆಯದೆ ಇರುವ ಪತ್ರಾಸಿನ ಕೆಳಗೆ ವಾಸಿಸುವುದರಲ್ಲಿ ಅಪಾಯ ಬಹಳ ಕಡಿಮೆ. ಅವಸರದಿಂದ ಒಡೆಯುವುದರಲ್ಲಿಯೇ ಹೆಚ್ಚು. ತೆಗೆಯಲೇಬೇಕಾದಾಗ ಚೆನ್ನಾಗಿ ನೀರು ಹೊಡೆದು, ಇಡಿಯಾಗಿ ಇಳಿಸಬೇಕು. ಕೊಯ್ಯಲು ತಿರುಗುವ ಯಂತ್ರ ಬೇಡ, ಒದ್ದೆ ಮಾಡಿ ಕೈಗರಗಸ ಸಾಕು. ಪುಡಿಯನ್ನು ಒಣಗಿದ್ದಾಗ ಗುಡಿಸಬಾರದು. ಒಡೆದ ಚೂರುಗಳನ್ನು ಕುಟ್ಟಿ ದಾರಿಯ ತಗ್ಗಿಗೆ ತುಂಬಬಾರದು. ಹೆಗಲ ಮೇಲಿನ ಟವೆಲು ಸೂಕ್ಷ್ಮ ನಾರನ್ನು ತಡೆಯದು. ಕಲ್ನಾರಿನ ಧೂಳನ್ನು ತಡೆಯಬಲ್ಲ ತಕ್ಕ ಮುಖಗವಸೇ ಬೇಕು. ಕೆಲಸದ ಅಂಗಿಯನ್ನು ಮನೆಯೊಳಗೆ ಕೊಡವದೆ ಬೇರೆಯಾಗಿ ನೆನೆಹಾಕಿ ಒಗೆಯಬೇಕು. ಗಾಜಿನ ನಾರು ಮೈಗೆ ತಗಲಿದರೆ ತುರಿಸದೆ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು.

ಇವು ಸಣ್ಣ ವ್ಯಾಪಾರಸ್ಥನ ಗಲ್ಲೆಯನ್ನು ಬರಿದು ಮಾಡುವ ಖರ್ಚುಗಳಲ್ಲ. ಪತ್ರಾಸು ಮಾರುವ ಅಂಗಡಿಕಾರನೂ ದಿನವೆಲ್ಲ ಅದೇ ಪುಡಿಯ ನಡುವೆ ಕೂಡುವವನು. ಈ ವಿಷಯದಲ್ಲಿ ಅವನಿಗೂ ಹಮಾಲನಿಗೂ ಹಿತ ಒಂದೇ. ಕಲ್ನಾರಿಲ್ಲದ ಪತ್ರಾಸುಗಳೂ ಪೇಟೆಯಲ್ಲಿ ಇವೆ. ಕೇಳಿ ತರಿಸುವ ಗಿರಾಕಿಗಳು ಹೆಚ್ಚಬೇಕು.

ಸರಕಾರದ ಮುಂದೆ ನಮ್ಮ ಬೇಡಿಕೆಗಳು ಇಷ್ಟು. ಮೊದಲನೆಯದು, ಪತ್ರಾಸು ಕೊಯ್ಯುವ, ಫೈಬರ್ ಉಜ್ಜುವ, ಹತ್ತಿ ಹಿಂಜುವ ಕೆಲಸಗಳನ್ನು ಆಳಿನ ಲೆಕ್ಕವಿಲ್ಲದೆ ಅಪಾಯದ ಕೆಲಸಗಳೆಂದು ಪ್ರಕಟಿಸಬೇಕು. ಎರಡನೆಯದು, ಕಟ್ಟಡ ಕಾಮಗಾರರ ಕಲ್ಯಾಣ ಮಂಡಳಿಯ ಕಾರ್ಡಿನಲ್ಲಿ ಯಾರು ಎಷ್ಟು ವರ್ಷ ಯಾವ ಧೂಳಿನಲ್ಲಿ ದುಡಿದರೆಂಬುದನ್ನು ಬರೆಯಬೇಕು. ಮೂರನೆಯದು, ಅಂಥವರಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಮತ್ತು ಉಸಿರು ಊದಿ ನೋಡುವ ಪರೀಕ್ಷೆ ಪುಕ್ಕಟೆ ಆಗಬೇಕು. ನಾಲ್ಕನೆಯದು, ಶಾಲೆ, ಅಂಗನವಾಡಿ, ಮಾರುಕಟ್ಟೆಗಳ ಮೇಲೆ ಹೊಸದಾಗಿ ಕಲ್ನಾರು ಹೊದಿಸುವುದು ನಿಲ್ಲಬೇಕು.

ಸರಕಾರ ಮಾಡುವವರೆಗೆ ಸಂಘಗಳು ಕಾಯಬೇಕಾಗಿಲ್ಲ. ಒಂದು ನೋಟುಬುಕ್ಕು ತೆಗೆದುಕೊಳ್ಳಿರಿ. ಹೆಸರು, ಊರು, ಕೆಲಸ, ಎಷ್ಟು ವರ್ಷ, ಎದೆಯ ತೊಂದರೆ ಇದ್ದರೆ ಯಾವಾಗಿನಿಂದ ಎಂದು ಬರೆದಿಡಿರಿ. ನ್ಯೂಯಾರ್ಕಿನ ಕಾಮಗಾರರಿಗೆ ನ್ಯಾಯದ ದಾರಿ ತೆರೆದದ್ದು ಅಂಥ ಒಂದು ಯಾದಿಯೇ.