ಹೊಸತೊಡಕಿಗೆ ಜಿಂಕೆಯೇ ಬೇಕೆ?

ಯುಗಾದಿಯ ಮಾರನೇ ದಿನ ಹೊಸತೊಡಕು. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲ ಕಡೆ ಮಟನ್ ಅಂಗಡಿ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರೋದು ಅಪ್ಪ, ಭಾವಮೈದ, ಮಕ್ಕಳು ಸೇರಿ ಬಲೆ, ಬಂದೂಕು ಹಿಡಿದು ಕಾಡಿಗೆ ನುಗ್ಗುವ ಚಾಳಿಗೆ.

ಮಳೆಗಾಲದಲ್ಲಿ ಎಲ್ಲೆಲ್ಲೂ ಮೇವು, ಜಿಂಕೆ ಚದುರಿರುತ್ತೆ. ಸುಗ್ಗಿ ಹೊತ್ತಿಗೆ ರಾಗಿ ಹೊಲಕ್ಕೆ ಬರುತ್ತೆ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಮುತ್ತತ್ತಿ ಕಡೆ ಕಾವೇರಿಗೇ ಇಳಿಯಬೇಕು. ಬಾಯಾರಿ ಬಂದದ್ದನ್ನು ಹೊಡೆಯೋದು ಯಾವ ಗಂಡಸುತನ ಸ್ವಾಮಿ?

1972ರ ವನ್ಯಜೀವಿ ಕಾಯ್ದೆಯಲ್ಲಿ ಉಳಿದಿದ್ದ ಲೈಸೆನ್ಸ್ ಬೇಟೆಯನ್ನೂ 1991ರಲ್ಲಿ ಕಿತ್ತುಹಾಕಿದರು. ಮುತ್ತತ್ತಿ ಕಾಡು 1987ರಲ್ಲಾದ ಕಾವೇರಿ ವನ್ಯಧಾಮಕ್ಕೆ ಸೇರಿದ್ದು. ಸಿಕ್ಕಿಬಿದ್ದರೆ ಅಪ್ಪನಿಗೆ ಜೈಲು, ಮನೆಯವರಿಗೆ ಕೋರ್ಟು ಅಲೆದಾಟ. ಜೊತೆಗೆ ಹೋದ ಹುಡುಗ ಕಲಿತದ್ದೇನು?

ಹಾಗಂತ ತಪ್ಪೆಲ್ಲ ಹಳ್ಳಿಯವರದೇ ಅಲ್ಲ. ಬೆಳೆ ಹಾನಿಗೆ ಪರಿಹಾರ ತಡವಾದರೆ ರೈತನ ಹೊಟ್ಟೆ ಉರಿಯದೆ ಇದ್ದೀತೆ? ಅರಣ್ಯ ಇಲಾಖೆ ಅದನ್ನು ಆ ಸುಗ್ಗಿಯಲ್ಲೇ ಕೈಗೆ ಕೊಡಲಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಮರಿ ಮಾಡಲು ಹೆಜ್ಜಾರ್ಲೆ ಬಂದರೆ, ಬಾಣಂತನಕ್ಕೆ ಬಂದ ಮಗಳು ಅಂತಾರೆ. ಅದೇ ಜಿಲ್ಲೆಯಲ್ಲಿ ನೀರಿಗೆ ಬಂದ ಜಿಂಕೆ ನೆಂಟನಾದರೂ ಆಗಬಾರದೆ?