ಅದು ಚಿರತೆ ಅಲ್ಲ ಮಾರಾಯ್ರೆ! (ಭಾಗ 4)

ಹಾಸ್ಟೆಲ್ ಗೋಡೆಗೆ ಹಳೇ ಕಾಲದ ಹುಲಿ, ಸಿಂಹದ ಪ್ರಿಂಟ್ ಅಂಟಿಸೋದು ಈಗ ಟ್ರೆಂಡು. ಅಂಟಿಸಿ, ಬೇಡ ಅನ್ನಲ್ಲ. ಆದ್ರೆ ನಿನ್ನೆ ಕ್ಲಾಸ್ ಗ್ರೂಪಲ್ಲಿ ಬಂದ ಚೀತಾ ಚಿತ್ರದ ಕೆಳಗೆ "ಚಿರತೆ" ಅಂತ ಬರೆದಿತ್ತು, ಎಲ್ರೂ ಹಾರ್ಟ್ ಒತ್ತಿದ್ರಿ.

ಮೊದಲ ಫೋಟೊ ನೋಡಿ. ಹೂವಿನ ಎಸಳಿನಂಥ ಗುಂಪು ಮಚ್ಚೆ ಇದ್ರೆ ಚಿರತೆ. ಒಂಟಿ ಒಂಟಿ ಕಪ್ಪು ಬೊಟ್ಟು, ಕಣ್ಣಿಂದ ಬಾಯಿವರೆಗೆ ಕಣ್ಣೀರಿನಂಥ ಗೆರೆ ಇದ್ರೆ ಚೀತಾ. ಇಷ್ಟೇ.

"ಹಳೇ ಚಿತ್ರ, ಸುಳ್ಳು ಹೇಳುತ್ತಾ?" ಅಂತೀರಿ. ಹೇಳುತ್ತೆ. 1775ರಲ್ಲಿ ಚೀತಾಗೆ ವೈಜ್ಞಾನಿಕ ಹೆಸರು ಕೊಟ್ಟ ಜರ್ಮನಿಯ ಶ್ರೆಬರ್ ಪುಸ್ತಕದ ಎಷ್ಟೋ ಪ್ರಾಣಿ ಚಿತ್ರಗಳು ಫ್ರಾನ್ಸಿನ ಬುಫಾನ್ ಪುಸ್ತಕದಿಂದ ನಕಲಾದವು. ಬರೀ ಅವರನ್ನೇ ಬಯ್ಯೋದೂ ಬೇಡ. ಇಲ್ಲೇ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಮೇಲೆ ಸಳನ ಶಿಲ್ಪ ಇದೆ. ಕಥೆಯಲ್ಲಿ ಸಳ ಕೊಂದಿದ್ದು ಹುಲಿ, ಕಲ್ಲಲ್ಲಿ ಕಾಣೋದು ಸಿಂಹದಂಥ ಮೃಗ!

ನನ್ನ ಸಿಟ್ಟು ಇರೋದು ಚಿತ್ರದ ಮೇಲಲ್ಲ, ಅಡಿಬರಹದ ಮೇಲೆ. 1867ರಲ್ಲಿ ಜೆರ್ಡನ್ ಅನ್ನೋ ಬ್ರಿಟಿಷ್ ಡಾಕ್ಟರ್ ಭಾರತದ ಸಸ್ತನಿಗಳ ಬಗ್ಗೆ ಪುಸ್ತಕ ಬರೆದ. ಬೇಟೆಗೆ ಪಳಗಿಸ್ತಿದ್ದ ಈ ಪ್ರಾಣಿಗೆ ಕನ್ನಡದಲ್ಲಿ ಏನಂತಾರೆ ಅಂತಾನೂ ಕೇಳಿ ದಾಖಲು ಮಾಡಿದ: ಸಿವಂಗಿ.

ಎಷ್ಟು ಜನ ಕೇಳಿದೀರಿ ಈ ಪದ? 1952ರಲ್ಲಿ ಭಾರತದಲ್ಲಿ ಚೀತಾ ಅಳಿದುಹೋಯ್ತು ಅಂತ ಘೋಷಣೆ ಆಯ್ತು. ಸೆಪ್ಟೆಂಬರ್ 2022ರಲ್ಲಿ ನಮೀಬಿಯಾದಿಂದ 8 ಚೀತಾ ಕುನೋಗೆ ಬಂದ್ವು. ಪ್ರಾಣಿ ವಾಪಸ್ ಬಂತು, ನಮ್ಮ ಪದ ಬರಲಿಲ್ಲ. ಪ್ರಾಣಿಯನ್ನ ಕೊಂದೋರು ಬೇಟೆಗಾರರು, ಪದವನ್ನ ಕೊಲ್ತಿರೋರು ನಾವು. ಅದಕ್ಕೆ ಬಂದೂಕೂ ಬೇಡ, ಒಂದು ತಪ್ಪು ಕ್ಯಾಪ್ಷನ್ ಸಾಕು.

"ಹೆಸರಲ್ಲೇನಿದೆ?" ಅಂತ ಬೇರೆ ಊರೋರು ಕೇಳಲಿ, ಕ್ಯಾಸನೂರಿನೋರು ಕೇಳಬಾರದು. 1957ರಲ್ಲಿ ನಮ್ಮ ಕಾಡಲ್ಲಿ ಮಂಗಗಳು ಸತ್ತು ಬಿದ್ವು, ಜನಕ್ಕೂ ಜ್ವರ ಬಂತು, ವೈರಸ್ಸಿಗೆ ನಮ್ಮೂರ ಹೆಸರಿಟ್ರು. ಇವತ್ತಿಗೂ ನಮ್ಮೂರ ಹೆಸರು ಹುಡುಕಿದ್ರೆ ಮೊದಲು ಬರೋದು ಕಾಯಿಲೆ. ಇಲ್ಲಿನ ಕೆರೆ, ಗದ್ದೆ, ಅಡಿಕೆ ತೋಟ ಯಾವುದೂ ಅಲ್ಲ. ನಮ್ಮ ಅಡಿಬರಹ ಬೇರೆಯೋರು ಬರೆದ್ರೆ ಹೇಗಿರುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದಿನ ಸಲ ಆ ಪ್ರಿಂಟ್ ಹಾಕಿದಾಗ ಕೆಳಗೆ ಸಿವಂಗಿ ಅಂತ ಬರೀರಿ. ಮನೇಲಿ ಅಜ್ಜ, ಅಜ್ಜಿ ಇದ್ರೆ ಕೇಳಿ, ಕಾಡುಪ್ರಾಣಿಗಳಿಗೆ ಅವರು ಏನೇನಂತಿದ್ರು ಅಂತ. ಕಾಮೆಂಟಲ್ಲಿ ಹಾಕಿ. ಭಾಗ 5 ಆ ಹೆಸರುಗಳದ್ದೇ.

#ಸಿವಂಗಿ #ಕ್ಯಾಸನೂರು #ನಮ್ಮಸೊರಬ