ವಿಶೇಷಣ ಬೇಡ, ಆಧಾರ ಕೊಡಿ



ಮಗಳ ಶಾಲಾ ಪ್ರಬಂಧಕ್ಕೆಂದು ಆನ್‌ಲೈನ್ ವಿಶ್ವಕೋಶವೊಂದರಲ್ಲಿ ಟಿಪ್ಪು ಸುಲ್ತಾನನ ಪುಟ ತೆರೆದೆ. ಬೆಳಿಗ್ಗೆ ‘ಹುತಾತ್ಮ’ ಎಂದಿದ್ದದ್ದು ಸಂಜೆಗೆ ‘ಮತಾಂಧ’ ಆಗಿತ್ತು. ಆಧಾರ ಎರಡಕ್ಕೂ ಇಲ್ಲ. ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ನಿಜ, 1791ರಲ್ಲಿ ಮರಾಠಾ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವಿತ್ತು ಕನ್ನಡದಲ್ಲೇ ಪತ್ರ ಬರೆಸಿದ್ದೂ ನಿಜ. ಎರಡೂ ಒಂದೇ ಪುಟದಲ್ಲಿರಲಿ. ಹೇಳಿದವರು ಯಾರೆಂಬುದೂ ಇರಲಿ: ಟಿಪ್ಪುವಿನ ಚರಿತ್ರೆ ಬರೆದವರಲ್ಲಿ ಮಾರ್ಕ್ ವಿಲ್ಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಕಿರ್ಮಾನಿ ಟಿಪ್ಪುವಿನ ಅನ್ನ ಉಂಡವ. ಇಬ್ಬರಿಗೂ ಅವರವರ ಋಣವಿತ್ತು. ಅದು ಬಿಟ್ಟು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೇ ಅಡಿಟಿಪ್ಪಣಿಗೆ ಅಂಟಿಸಿದರೆ ಹೇಗೆ? ಗ್ರಂಥದ ಹೆಸರು, ಪುಟಸಂಖ್ಯೆ ಇಲ್ಲದ ಸಾಲನ್ನು ವಿಶ್ವಕೋಶದ ಸಂಪಾದಕ ಬಳಗ ಅಳಿಸಲಿ.

ಮಗಳ ಪ್ರಬಂಧ ಇನ್ನೂ ಅರ್ಧಕ್ಕೇ ನಿಂತಿದೆ.

– ಓದುಗ, ಮೈಸೂರು